ಮನದ ಮಾತು: ಜೊತೆಯಿದ್ದೂ ಕಾಡುವ ಒಂಟಿತನ

ಈ ಬಾರಿ ಬಂದ ಪತ್ರಗಳಲ್ಲಿ ಹಲವು ಒಂದೇ ನೋವನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿಕೊಂಡಿವೆ. ಪ್ರೀತಿಸುವವರು ಇದ್ದಾರೆ, ಅಥವಾ ಇದ್ದಾರೆಂಬ ನಂಬಿಕೆಯಿದೆ. ಆದರೂ ಒಂಟಿತನ ಬಿಡುತ್ತಿಲ್ಲ. ಇದನ್ನು ಬರೆಯುವಾಗ ಬಹುತೇಕ ಎಲ್ಲರೂ ಕ್ಷಮೆ ಕೇಳುವ ಧ್ವನಿಯಲ್ಲಿ ಬರೆದಿದ್ದಾರೆ. ಆ ಸಂಕೋಚಕ್ಕೆ ಕಾರಣವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನವನ್ನು ಅನುಭವಿಸುತ್ತಿದ್ದಾರೆ. ಕೆಲವು ಪತ್ರಗಳನ್ನು ಆಯ್ದು, ಗುರುತು ಸಿಗುವಂಥ ವಿವರಗಳನ್ನು ತೆಗೆದು, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ನಾವು ಪ್ರೀತಿಸಿ ಮದುವೆಯಾದವರು. ಪತಿ ಒಳ್ಳೆಯವರು, ಬೈಯುವುದಿಲ್ಲ, ಅನುಮಾನಿಸುವುದಿಲ್ಲ, ಮನೆಯ ಜವಾಬ್ದಾರಿಯಲ್ಲಿ ಅರ್ಧವನ್ನು ಹೊರುತ್ತಾರೆ. ಆದರೂ ರಾತ್ರಿ ಅವರ ಪಕ್ಕದಲ್ಲಿ ಮಲಗಿರುವಾಗಲೇ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಒಂಟಿ ಎನ್ನಿಸುತ್ತದೆ. ಕಳೆದ ತಿಂಗಳು, ನಾನು ಬಹಳ ಕಾಲ ದುಡಿದಿದ್ದ ಕೆಲಸವೊಂದನ್ನು ಮೇಲಧಿಕಾರಿಗಳು ಎಲ್ಲರೆದುರು ಮೆಚ್ಚಿಕೊಂಡರು. ಅದನ್ನು ಮೊದಲು ಅವರಿಗೇ ಹೇಳಬೇಕೆಂದು ಸಂಜೆಯವರೆಗೆ ಕಾದೆ. ಹೇಳಿದಾಗ ‘ಹೌದಾ, ಒಳ್ಳೆಯದಾಯಿತು’ ಎಂದರು; ಹೆಬ್ಬೆರಳು ಮಾತ್ರ ಫೋನಿನ ಪರದೆಯ ಮೇಲೆ ಸರಿಯುತ್ತಲೇ ಇತ್ತು. ಜಗಳವಾಡುವಂಥದ್ದು ಏನೂ ನಡೆಯಲಿಲ್ಲ. ಆದರೆ ಅಂದಿನಿಂದ ನಾನು ಅವರಿಗೆ ನನ್ನ ವಿಷಯ ಹೇಳುವುದನ್ನೇ ಬಿಟ್ಟಿದ್ದೇನೆ. ಬಿಟ್ಟಿರುವುದನ್ನೂ ಅವರು ಗಮನಿಸಿಲ್ಲ. ಗೆಳತಿಯರು ‘ನಿನಗೇನು ಕಡಿಮೆಯಾಗಿದೆ’ ಎಂದು ಕೇಳುತ್ತಾರೆ. ನಾನು ಅತಿಯಾಗಿ ಆಸೆಪಡುತ್ತಿದ್ದೇನೆಯೇ?

ಉತ್ತರ: ಇಲ್ಲ, ನಿಮ್ಮ ಆಸೆ ಅತಿಯಾದದ್ದಲ್ಲ. ನಿಮ್ಮ ಸಂತೋಷವನ್ನು ನಿಮ್ಮವರು ಎನ್ನಿಸಿಕೊಂಡವರು ಒಂದು ಗಳಿಗೆ ತಮ್ಮದೆಂದು ಕಾಣಬೇಕೆಂದು ನೀವು ಬಯಸಿದಿರಿ, ಅಷ್ಟೇ. ದಾಂಪತ್ಯದಲ್ಲಿ ಇದಕ್ಕಿಂತ ಕಡಿಮೆ ಏನನ್ನು ಬಯಸಬಹುದು ಎಂದು ನಾನೇ ಕೇಳಬೇಕಾಗುತ್ತದೆ.

ಗೆಳತಿಯರು ಕೇಳುವ ‘ನಿನಗೇನು ಕಡಿಮೆ’ ಎಂಬ ಪ್ರಶ್ನೆಯಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಸಂಗಾತಿ ಇದ್ದರೆ ಒಂಟಿತನ ಇರಬಾರದು, ಸಂಗಾತಿ ಒಳ್ಳೆಯವರಾಗಿದ್ದರಂತೂ ಅದರ ಮಾತೇ ಬರಬಾರದು ಎಂದು ಅವರು ನಂಬಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿಯೇ ಒಂಟಿತನವನ್ನು ಎರಡಾಗಿ ವಿಂಗಡಿಸಿ ತೋರಿಸಿದ್ದರು. ಸ್ನೇಹಿತರು, ಪರಿಚಿತರು, ನೆರೆಯವರು ಇಲ್ಲದೆ ಉಂಟಾಗುವ ಸಾಮಾಜಿಕ ಒಂಟಿತನ ಒಂದು. ಮನಸ್ಸನ್ನು ಪೂರ್ತಿಯಾಗಿ ಒಪ್ಪಿಸಬಲ್ಲ ಆಪ್ತ ಜೀವವೊಂದು ಇಲ್ಲದೆ ಉಂಟಾಗುವ ಭಾವನಾತ್ಮಕ ಒಂಟಿತನ ಇನ್ನೊಂದು. ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ನಿಮ್ಮ ವಿಷಯದಲ್ಲಿ ಆ ಆಪ್ತ ಜೀವದ ಜಾಗದಲ್ಲಿ ಒಬ್ಬರು ಇದ್ದೇ ಇದ್ದಾರೆ; ಆದರೆ ಅಲ್ಲಿಂದ ಬರಬೇಕಾದ ಸ್ಪಂದನ ಬರುತ್ತಿಲ್ಲ. ಖಾಲಿ ಜಾಗವನ್ನು ನೋಡಿ ಜನ ಸಹಾನುಭೂತಿ ತೋರುತ್ತಾರೆ. ತುಂಬಿದಂತೆ ಕಾಣುವ ಜಾಗದ ಬರಿದುತನ ಹೊರಗಿನವರಿಗೆ ಕಾಣುವುದಿಲ್ಲ, ಆದ್ದರಿಂದಲೇ ಅದನ್ನು ಅನುಭವಿಸುವವರು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ.

ಆ ಸಂಜೆ ನಡೆದದ್ದು ಚಿಕ್ಕ ಸಂಗತಿ ಎಂದು ನೀವೇ ಅದನ್ನು ತಳ್ಳಿಹಾಕಲು ಪ್ರಯತ್ನಿಸಿದ್ದೀರಿ. ಹಾಗೆ ಮಾಡಬೇಡಿ. ದಾಂಪತ್ಯದ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಸಿದ ಜಾನ್ ಗಾಟ್‌ಮನ್ ಅವರು ನವದಂಪತಿಗಳು ಪರಸ್ಪರರ ಗಮನವನ್ನು ಕೋರುವ ಇಂಥ ಸಣ್ಣ ಸಣ್ಣ ಕ್ಷಣಗಳನ್ನೇ ದಾಖಲಿಸಿ ಪರಿಶೀಲಿಸಿದರು. ‘ಇಲ್ಲಿ ನೋಡು’ ಎನ್ನುವುದು, ನಿಟ್ಟುಸಿರು ಬಿಡುವುದು, ಅಂದಿನ ಘಟನೆಯೊಂದನ್ನು ಹೇಳಲು ಬಾಯಿ ತೆರೆಯುವುದು, ಹೀಗೆ ಮೇಲ್ನೋಟಕ್ಕೆ ಏನೂ ಅಲ್ಲದ ಕರೆಗಳು ಅವು. ಆರು ವರ್ಷಗಳ ನಂತರ ನೋಡಿದಾಗ, ಒಟ್ಟಿಗೆ ಉಳಿದಿದ್ದ ದಂಪತಿಗಳು ಅಂಥ ಕರೆಗಳಿಗೆ ಶೇಕಡಾ 86ರಷ್ಟು ಬಾರಿ ಓಗೊಟ್ಟಿದ್ದರು. ವಿಚ್ಛೇದನ ಪಡೆದವರು ಶೇಕಡಾ 33ರಷ್ಟು ಬಾರಿ ಮಾತ್ರ. ದೊಡ್ಡ ಜಗಳಗಳಿಲ್ಲದ ಸಂಬಂಧವೂ ಒಳಗೊಳಗೇ ಸೊರಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಕಂಡಿಲ್ಲ.

ಇನ್ನೊಂದು ಸಂಗತಿ ನಿಮಗೆ ನೇರವಾಗಿ ಅನ್ವಯಿಸುತ್ತದೆ. ಕಷ್ಟ ಹೇಳಿಕೊಂಡಾಗ ಸಂಗಾತಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೇ ನಾವೆಲ್ಲ ಮಹತ್ವ ಕೊಡುತ್ತೇವೆ. ಆದರೆ ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಬಂಧದ ನೆಮ್ಮದಿಯನ್ನು ಅಳೆಯಲು ಒಳ್ಳೆಯ ಸುದ್ದಿಗೆ ಸಂಗಾತಿ ತೋರುವ ಪ್ರತಿಕ್ರಿಯೆಯೇ ಹೆಚ್ಚು ಸೂಕ್ತವಾದ ಸೂಚಕವೆಂದು ಕಂಡುಬಂತು. ಉತ್ಸಾಹದಿಂದ ಕೇಳಿ, ಇನ್ನಷ್ಟು ಹೇಳು ಎನ್ನುವ ಪ್ರತಿಕ್ರಿಯೆ ಸಂಬಂಧವನ್ನು ಗಟ್ಟಿಗೊಳಿಸುತ್ತದೆ. ‘ಒಳ್ಳೆಯದಾಯಿತು’ ಎಂದು ತಣ್ಣಗೆ ಒಪ್ಪಿಬಿಡುವ ಪ್ರತಿಕ್ರಿಯೆಯಲ್ಲಿ ತಪ್ಪೇನೂ ಕಾಣದಿದ್ದರೂ ಅದು ಆ ಕೆಲಸವನ್ನು ಮಾಡುವುದಿಲ್ಲ. ಆದ್ದರಿಂದ ಅಂದು ನಿಮಗೆ ನೋವಾದದ್ದು ನಿಮ್ಮ ಅತಿಸೂಕ್ಷ್ಮತೆಯಿಂದಲ್ಲ.

ಇಷ್ಟು ಹೇಳಿದ ಮೇಲೆ, ನಿಮಗೆ ಸ್ವಲ್ಪ ಕಹಿಯಾಗಬಹುದಾದ ಮಾತೊಂದನ್ನೂ ಹೇಳಬೇಕು. ಅಂದಿನಿಂದ ನೀವು ಮಾತು ನಿಲ್ಲಿಸಿದ್ದೀರಿ, ಮತ್ತು ಅವರು ಅದನ್ನು ಗಮನಿಸುತ್ತಾರೆಯೇ ಎಂದು ಕಾದು ನೋಡುತ್ತಿದ್ದೀರಿ. ಇದು ಅವರಿಗೆ ತಿಳಿಸದೆ ಅವರ ಮೇಲೆ ನಡೆಸುತ್ತಿರುವ ಪರೀಕ್ಷೆ. ಒಂಟಿತನವನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಶಿಕಾಗೊ ವಿಶ್ವವಿದ್ಯಾಲಯದ ಜಾನ್ ಕಾಸಿಯೊಪ್ಪೊ ಅವರು ಅದನ್ನು ಹಸಿವಿಗೆ ಹೋಲಿಸುತ್ತಿದ್ದರು: ದೇಹಕ್ಕೆ ಆಹಾರ ಬೇಕೆಂದು ಹಸಿವು ಹೇಳುವಂತೆ, ಮನುಷ್ಯನಿಗೆ ಮನುಷ್ಯ ಬೇಕೆಂದು ಹೇಳುವ ಸಂಕೇತ ಅದು. ಆದರೆ ಈ ಸಂಕೇತ ಬಹುಕಾಲ ಉಳಿದಾಗ ಮನಸ್ಸು ತನ್ನ ರಕ್ಷಣೆಗಾಗಿ ಸದಾ ಕಾವಲು ಕಾಯತೊಡಗುತ್ತದೆ, ತಿರಸ್ಕಾರದ ಸುಳಿವನ್ನು ಎಲ್ಲೆಡೆ ಹುಡುಕುತ್ತದೆ, ಸಾಮಾನ್ಯವಾದ ಮೌನವನ್ನೂ ಉಪೇಕ್ಷೆಯೆಂದು ಓದುತ್ತದೆ, ನೋವು ತಪ್ಪಿಸಿಕೊಳ್ಳಲೆಂದು ತಾನೇ ಹಿಂದೆ ಸರಿಯುತ್ತದೆ. ಹೀಗೆ ಹಿಂದೆ ಸರಿದವರನ್ನು ನೋಡಿ ಎದುರಿನವರು ‘ಇವಳಿಗೆ ಈಗ ಮಾತು ಬೇಡವೇನೋ’ ಎಂದುಕೊಂಡು ತಾವೂ ಸರಿಯುತ್ತಾರೆ. ನಿಮ್ಮ ಪತಿಯೂ ಹಾಸಿಗೆಯ ಆ ಬದಿಯಲ್ಲಿ ಒಂಟಿಯಾಗಿರಬಹುದು, ಫೋನು ಅವರಿಗೆ ಅಡಗುತಾಣವಾಗಿರಬಹುದು. ಇದು ನನ್ನ ಊಹೆ ಮಾತ್ರ, ಆದರೆ ಕೇಳಿ ನೋಡದೆ ಅದನ್ನು ತಳ್ಳಿಹಾಕುವಂತಿಲ್ಲ.

ಹಾಗಾದರೆ ಹೇಗೆ ಮಾತನಾಡುವುದು? ‘ನಿಮಗೆ ನಾನು ಮುಖ್ಯವೇ ಅಲ್ಲ’, ‘ಯಾವಾಗಲೂ ಫೋನೇ ನಿಮಗೆ’ ಎಂದು ಆರಂಭಿಸಿದರೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳುವುದರಲ್ಲಿ ತೊಡಗುತ್ತಾರೆ, ಮನೆಗೆ ತಾವು ಮಾಡುತ್ತಿರುವ ಎಲ್ಲವನ್ನೂ ನೆನಪಿಸುತ್ತಾರೆ, ಅದು ನಿಜವೂ ಆಗಿರುವುದರಿಂದ ನೀವು ಸುಮ್ಮನಾಗಬೇಕಾಗುತ್ತದೆ. ಅದರ ಬದಲು ಆ ಒಂದು ಸಂಜೆಯನ್ನೇ ಹೇಳಿ. ‘ಆ ಸುದ್ದಿಯನ್ನು ಮೊದಲು ನಿಮಗೇ ಹೇಳಬೇಕೆಂದು ಇಡೀ ದಿನ ಇಟ್ಟುಕೊಂಡಿದ್ದೆ. ನೀವು ಫೋನು ಕೆಳಗಿಟ್ಟು, ಅವರು ಏನೆಂದರು ಎಂದು ಒಂದು ಮಾತು ಕೇಳಿದ್ದರೆ ನನಗೆ ಸಾಕಿತ್ತು. ಕೇಳಲಿಲ್ಲವೆಂದು ನೊಂದುಕೊಂಡೆ, ಆಮೇಲೆ ಹೇಳುವುದನ್ನೇ ಬಿಟ್ಟೆ.’ ಇದರಲ್ಲಿ ಆರೋಪವಿಲ್ಲ. ಏನು ಬೇಕಿತ್ತು ಎಂಬುದು ಇದೆ, ಮತ್ತು ಅದು ಅವರು ಮಾಡಬಹುದಾದಷ್ಟು ಚಿಕ್ಕದಾಗಿದೆ. ನಿದ್ರೆ ಬರುತ್ತಿರುವ ಹೊತ್ತಿನಲ್ಲಿಯೂ ಅವರು ಹೊರಡುವ ಅವಸರದಲ್ಲಿಯೂ ಇದನ್ನು ಹೇಳಬೇಡಿ. ರಜೆಯ ದಿನ ಇಬ್ಬರೂ ನಡೆಯುತ್ತಿರುವಾಗ ಹೇಳುವುದು ಉತ್ತಮ. ಎದುರುಬದುರು ಕುಳಿತು ಆಡಲಾಗದ ಮಾತನ್ನು ಪಕ್ಕಪಕ್ಕದಲ್ಲಿ ನಡೆಯುತ್ತಾ ಆಡುವುದು ಹಲವರಿಗೆ ಸುಲಭವಾಗುತ್ತದೆ.

ಮಲಗುವ ಮುನ್ನ ಸ್ವಲ್ಪ ಹೊತ್ತು ಇಬ್ಬರ ಫೋನುಗಳೂ ಬೇರೆ ಕೋಣೆಯಲ್ಲಿರಲಿ ಎಂದು ಕೇಳಿಕೊಳ್ಳಬಹುದು. ಇಬ್ಬರ ಫೋನುಗಳೂ ಎಂಬುದನ್ನು ಒತ್ತಿ ಹೇಳುತ್ತೇನೆ. ಆ ಹೊತ್ತಿನಲ್ಲಿ ಮೊದಲ ಕೆಲವು ದಿನ ಮಾತೇ ಹುಟ್ಟದಿರಬಹುದು. ಬಹುಕಾಲ ಬಳಸದ ಸಲುಗೆ ಒಂದೇ ದಿನದಲ್ಲಿ ಮರಳುವುದಿಲ್ಲ.

ಹೇಳಿದ ಮೇಲೆ ಅವರು ಮಾಡುವ ಪ್ರಯತ್ನ ತೊದಲಿನಂತಿದ್ದರೂ ಅದನ್ನು ಗುರುತಿಸಿ. ಆದರೆ ಹೀಗೆ ಸ್ಪಷ್ಟವಾಗಿ, ಒಮ್ಮೆಯಲ್ಲ ಹಲವು ಬಾರಿ ಹೇಳಿದ ನಂತರವೂ ಅವರು ಅದನ್ನು ಲಘುವಾಗಿ ಕಂಡರೆ, ನಿಮ್ಮ ನೋವನ್ನೇ ನಿಮ್ಮ ದೋಷವೆಂದು ತಿರುಗಿಸಿದರೆ, ಆಗ ಪ್ರಶ್ನೆ ಬೇರೆಯಾಗುತ್ತದೆ. ಗೊತ್ತಿಲ್ಲದೆ ಸ್ಪಂದಿಸದಿರುವುದಕ್ಕೂ ಗೊತ್ತಿದ್ದೂ ಸ್ಪಂದಿಸದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಅಂಥ ಸಂದರ್ಭದಲ್ಲಿ ದಂಪತಿಗಳೊಡನೆ ಕೆಲಸ ಮಾಡಿ ಅನುಭವವಿರುವ ಆಪ್ತಸಮಾಲೋಚಕರನ್ನು ಇಬ್ಬರೂ ಸೇರಿ ಕಾಣುವುದು ಸೂಕ್ತ. 1980ರ ದಶಕದಲ್ಲಿ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ಭಾವನಾಕೇಂದ್ರಿತ ಚಿಕಿತ್ಸೆ ಈ ರೀತಿಯ ಮೌನದ ದೂರವನ್ನೇ ಮುಖ್ಯವಾಗಿ ಕೈಗೆತ್ತಿಕೊಳ್ಳುತ್ತದೆ. ಅವರು ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋಗಿ. ನಿಮ್ಮ ಮಾತನ್ನು ಪೂರ್ತಿಯಾಗಿ ಕೇಳುವ ಒಬ್ಬರು ನಿಮಗೆ ಈಗಲೇ ಬೇಕಾಗಿದ್ದಾರೆ.

ಪ್ರಶ್ನೆ: ನನಗೆ 27 ವರ್ಷ. ಡೇಟಿಂಗ್ ಆ್ಯಪ್ ಒಂದರ ಮೂಲಕ ಪರಿಚಯವಾದ ಹುಡುಗಿಯೊಡನೆ ಸುಮಾರು ಎಂಟು ತಿಂಗಳಿಂದ ಸಂದೇಶಗಳ ಮೂಲಕ ಮಾತನಾಡುತ್ತಿದ್ದೇನೆ. ಭೇಟಿಯಾದದ್ದು ಎರಡೇ ಬಾರಿ. ಕೆಲವು ರಾತ್ರಿ ಅವಳು ಬೆಳಗಿನ ಜಾವದವರೆಗೆ ತನ್ನ ಬಾಲ್ಯ, ಭಯ, ಕನಸು ಎಲ್ಲವನ್ನೂ ಬರೆಯುತ್ತಾಳೆ. ನಂತರ ದಿನಗಟ್ಟಲೆ ಇಲ್ಲ. ನನ್ನ ಸಂದೇಶದ ಮುಂದೆ ನೀಲಿ ಗುರುತು ಬೀಳುತ್ತದೆ, ‘ಟೈಪಿಂಗ್’ ಎಂದು ಕಾಣಿಸುತ್ತದೆ, ಮಾಯವಾಗುತ್ತದೆ, ಏನೂ ಬರುವುದಿಲ್ಲ. ಅವಳು ಕೊನೆಯ ಬಾರಿ ಯಾವಾಗ ಆನ್‌ಲೈನ್ ಇದ್ದಳೆಂದು ನಾನು ರಾತ್ರಿ ಎದ್ದೆದ್ದು ನೋಡುತ್ತೇನೆ. ಇಷ್ಟು ಹಂಬಲ ನನಗೆ ಯಾರ ಬಗ್ಗೆಯೂ ಹುಟ್ಟಿರಲಿಲ್ಲ. ಇದು ನಿಜವಾದ ಪ್ರೀತಿ ಎಂಬುದಕ್ಕೆ ಇದೇ ಸಾಕ್ಷಿಯಲ್ಲವೇ? ನಾನು ಕಾಯಬೇಕೇ?

ಉತ್ತರ: ನಿಮ್ಮ ಹಂಬಲ ನಿಜವಾದದ್ದು, ಅದನ್ನು ನಾನು ಒಂದಿಷ್ಟೂ ಅನುಮಾನಿಸುವುದಿಲ್ಲ. ಆದರೆ ಹಂಬಲದ ತೀವ್ರತೆಯು ಪ್ರೀತಿಯ ಆಳವನ್ನು ಹೇಳುತ್ತದೆ ಎಂಬ ನಿಮ್ಮ ತೀರ್ಮಾನವನ್ನು ಒಪ್ಪಲಾರೆ, ಏಕೆಂದರೆ ತೀವ್ರತೆ ಬರುವ ದಾರಿ ಬೇರೆಯೂ ಇದೆ.

ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ಪಾರಿವಾಳಗಳ ಮೇಲೆ ನಡೆಸಿದ ದೀರ್ಘ ಪ್ರಯೋಗಗಳನ್ನು 1957ರಲ್ಲಿ ಪ್ರಕಟಿಸಿದರು. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗನೆ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ಸಿಗುತ್ತದೆಂದು ಹೇಳಲಾಗದಂತೆ, ಒಮ್ಮೆ ಸಿಕ್ಕಿ ಹಲವು ಬಾರಿ ಸಿಗದಂತೆ ಅಭ್ಯಾಸವಾದ ಹಕ್ಕಿಯಾದರೋ ಬಹಳ ಹೊತ್ತಿನವರೆಗೆ ಕುಕ್ಕುತ್ತಲೇ ಇರುತ್ತದೆ. ಮನುಷ್ಯರ ಒಲವನ್ನು ಪಾರಿವಾಳದ ನಡವಳಿಕೆಗೆ ಇಳಿಸುವುದು ನನ್ನ ಉದ್ದೇಶವಲ್ಲ. ಆದರೂ ರಾತ್ರಿ ಎದ್ದೆದ್ದು ಪರದೆ ನೋಡುವ ನಿಮ್ಮ ಕೈಗೆ ಆ ಶಕ್ತಿ ಎಲ್ಲಿಂದ ಬರುತ್ತಿದೆ ಎಂಬುದಕ್ಕೆ ಇದರಲ್ಲಿ ಒಂದು ಉತ್ತರವಿದೆ. ಅವಳು ಪ್ರತಿದಿನ ಹಿತವಾಗಿ ಉತ್ತರಿಸುತ್ತಿದ್ದರೆ ನಿಮಗೆ ಈ ಕಾವು ಇರುತ್ತಿತ್ತೇ? ಪೂರ್ತಿಯಾಗಿ ಇಲ್ಲವೆಂದಿದ್ದರೆ ಇಷ್ಟು ಕಾಲ ಉಳಿಯುತ್ತಿತ್ತೇ? ಡೊರೊಥಿ ಟೆನೊವ್ ಎಂಬ ಮನಶ್ಶಾಸ್ತ್ರಜ್ಞೆ ನೂರಾರು ಜನರನ್ನು ಮಾತನಾಡಿಸಿ 1979ರಲ್ಲಿ ಈ ಮನಃಸ್ಥಿತಿಯನ್ನು ವಿವರಿಸಿದರು. ಬೇಡವೆಂದರೂ ನುಗ್ಗುವ ಆಲೋಚನೆಗಳು, ಎದುರಿನವರ ಪ್ರತಿಯೊಂದು ಸಣ್ಣ ಚಲನೆಯಲ್ಲೂ ಅರ್ಥ ಹುಡುಕುವುದು, ಒಂದು ಒಳ್ಳೆಯ ಮಾತಿಗೆ ಆಕಾಶಕ್ಕೇರಿ ಒಂದು ಮೌನಕ್ಕೆ ಪಾತಾಳಕ್ಕಿಳಿಯುವುದು ಅದರ ಲಕ್ಷಣಗಳು. ಆಸೆ ಮತ್ತು ಅನಿಶ್ಚಯ ಎರಡೂ ಕೂಡಿದಾಗಲೇ ಅದು ಬೆಳೆಯುತ್ತದೆ ಎಂದು ಅವರು ಗುರುತಿಸಿದರು.

ನಿಮ್ಮ ಪರಿಚಯ ಬಹುಮಟ್ಟಿಗೆ ಅಕ್ಷರಗಳಲ್ಲೇ ನಡೆದಿದೆ ಎಂಬುದೂ ಇಲ್ಲಿ ಮುಖ್ಯ. ಎದುರಿಗಿರುವ ವ್ಯಕ್ತಿಯ ದಣಿವು, ಬೇಸರ, ಸಣ್ಣಪುಟ್ಟ ಒರಟುತನ ಎಲ್ಲವೂ ನಮಗೆ ಕಾಣುತ್ತವೆ. ಬರಹದಲ್ಲಿ ಅವೆಲ್ಲ ಸೋಸಿಹೋಗುತ್ತವೆ, ಉಳಿದ ಖಾಲಿಯನ್ನು ನಾವು ನಮ್ಮ ಕಲ್ಪನೆಯಿಂದ ತುಂಬುತ್ತೇವೆ. ಸಂವಹನ ಸಂಶೋಧಕ ಜೋಸೆಫ್ ವಾಲ್ಥರ್ 1996ರಲ್ಲಿ, ಎಂದರೆ ಈಗಿನ ಫೋನುಗಳು ಹುಟ್ಟುವುದಕ್ಕೂ ಮೊದಲೇ, ಕಂಪ್ಯೂಟರಿನ ಮೂಲಕ ನಡೆಯುವ ಮಾತುಕತೆ ಕೆಲವೊಮ್ಮೆ ಮುಖಾಮುಖಿ ಮಾತಿಗಿಂತಲೂ ಹೆಚ್ಚು ಆಪ್ತವೆನ್ನಿಸಲು ಇದೇ ಕಾರಣವೆಂದು ವಾದಿಸಿದ್ದರು. ಬೆಳಗಿನ ಜಾವದಲ್ಲಿ ಅವಳು ತನ್ನ ಭಯಗಳನ್ನು ಬರೆದದ್ದು ಸುಳ್ಳಲ್ಲ. ಆದರೆ ನೀವು ಹಂಬಲಿಸುತ್ತಿರುವ ವ್ಯಕ್ತಿಯಲ್ಲಿ ಅವಳೆಷ್ಟು, ನೀವು ತುಂಬಿದ್ದೆಷ್ಟು ಎಂದು ಎರಡು ಭೇಟಿಗಳಿಂದ ತಿಳಿಯಲಾಗದು. ವಾಟ್ಸ್‌ಆ್ಯಪ್‌ನಲ್ಲಿ ನೀಲಿ ಗುರುತು ಬಂದದ್ದು 2014ರ ನವೆಂಬರಿನಲ್ಲಿ. ಸಂದೇಶವನ್ನು ಓದಿದ್ದಾರೆ ಎಂಬ ಒಂದೇ ಒಂದು ಮಾಹಿತಿಯನ್ನು ಅದು ಕೊಡುತ್ತದೆ. ಏಕೆ ಉತ್ತರಿಸಲಿಲ್ಲ ಎಂಬುದನ್ನು ಅದು ಹೇಳದು, ಹೇಳದಿರುವ ಅದನ್ನೇ ನಾವು ಇಡೀ ರಾತ್ರಿ ಬಗೆಹರಿಸಲು ಕೂರುತ್ತೇವೆ.

ಅವಳನ್ನು ಖಳನಾಯಕಿಯಾಗಿ ಕಾಣಬೇಡಿ. ಆಪ್ತತೆಯನ್ನು ಬಯಸುತ್ತಲೇ, ಅದು ಸಮೀಪಿಸಿದಾಗ ಹೆದರಿ ಸರಿಯುವವರು ಬಹಳ ಜನ ಇದ್ದಾರೆ. 1987ರಲ್ಲಿ ಸಿಂಡಿ ಹೇಝನ್ ಮತ್ತು ಫಿಲಿಪ್ ಶೇವರ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದಿದೆ. ಅದಕ್ಕಾಗಿ ಅವರು ಪತ್ರಿಕೆಯೊಂದರಲ್ಲಿ ಪ್ರಶ್ನಾವಳಿ ಅಚ್ಚು ಹಾಕಿಸಿ ಓದುಗರ ಉತ್ತರಗಳನ್ನು ಸಂಗ್ರಹಿಸಿದ್ದರು. ಉತ್ತರಿಸಿದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಪ್ರೀತಿಯಲ್ಲಿ ನಿರಾಳವಾಗಿರಬಲ್ಲವರು, ಸುಮಾರು ನಾಲ್ಕನೇ ಒಂದು ಭಾಗ ಸಾಮೀಪ್ಯಕ್ಕೆ ಅಂಜಿ ದೂರವಿರುವವರು, ಸುಮಾರು ಐದನೇ ಒಂದು ಭಾಗ ಕೈಬಿಟ್ಟಾರೆಂಬ ಆತಂಕದಲ್ಲೇ ಇರುವವರು. ದೂರ ಸರಿಯುವವರು ಮತ್ತು ಆತಂಕದವರು ಒಬ್ಬರಿಗೊಬ್ಬರು ಸಿಕ್ಕಾಗ ನೀವು ವಿವರಿಸಿರುವ ಓಟ ಆರಂಭವಾಗುತ್ತದೆ. ಹಾಗೆಂದು ಅಂತರ್ಜಾಲದಲ್ಲಿ ಸಿಗುವ ಹಣೆಪಟ್ಟಿಗಳನ್ನು ಅವಳಿಗೆ ಅಂಟಿಸಲು ಹೋಗಬೇಡಿ. ಹಣೆಪಟ್ಟಿ ಹಚ್ಚಿದ ಕೂಡಲೇ ಆ ಮನುಷ್ಯರನ್ನು ಅರ್ಥಮಾಡಿಕೊಂಡೆವೆಂಬ ಭ್ರಮೆ ಹುಟ್ಟುತ್ತದೆ, ಇತ್ತೀಚೆಗೆ ಬರುವ ಪತ್ರಗಳಲ್ಲಿ ಈ ಭ್ರಮೆ ಹೆಚ್ಚುತ್ತಿರುವುದನ್ನು ಕಂಡು ನನಗೆ ಕಳವಳವಾಗಿದೆ.

ಕಾಯಬೇಕೇ ಎಂದು ಕೇಳಿದ್ದೀರಿ. ಕೇಳಬೇಕು ಎಂಬುದು ನನ್ನ ಉತ್ತರ. ಒಂದೇ ಒಂದು ಬಾರಿ, ಸಾಧ್ಯವಾದರೆ ಎದುರಿನಲ್ಲಿ, ಇಲ್ಲವಾದರೆ ಕರೆಯಲ್ಲಿ, ನೇರವಾಗಿ ಹೇಳಿ: ನನಗೆ ನಿನ್ನ ಮೇಲೆ ಮನಸ್ಸಾಗಿದೆ, ಇದು ಎಲ್ಲಿಗಾದರೂ ಹೋಗಬೇಕೆಂದು ನಿನಗೂ ಅನ್ನಿಸುತ್ತದೆಯೇ, ಇಲ್ಲವೆಂದರೆ ಹೇಳಿಬಿಡು, ನಾನು ಗೌರವಿಸುತ್ತೇನೆ. ಹೀಗೆ ಕೇಳಲು ನೀವು ಇಷ್ಟು ಕಾಲ ಹಿಂಜರಿದಿರುವುದಕ್ಕೆ ಕಾರಣ, ಇಲ್ಲವೆಂಬ ಉತ್ತರಕ್ಕಿಂತ ಉತ್ತರವಿಲ್ಲದಿರುವುದೇ ಸಹ್ಯವೆಂದು ನಿಮಗೆ ತೋರಿದ್ದಿರಬೇಕು. ಅವಳು ಮತ್ತೆ ಮೌನವಾದರೆ, ಆ ಮೌನವನ್ನು ಇನ್ನು ಬಿಡಿಸಲು ಹೋಗಬೇಡಿ. ಒಪ್ಪಿಗೆಯಿದ್ದವರು ಇಂಥ ಪ್ರಶ್ನೆಗೆ ಹೇಗಾದರೂ ಉತ್ತರಿಸುತ್ತಾರೆ. ಅವಳ ಸ್ನೇಹಿತೆಯರ ಮೂಲಕ ಹೇಳಿಸುವುದು, ಬೇರೆ ಸಂಖ್ಯೆಯಿಂದ ಸಂದೇಶ ಕಳಿಸುವುದು, ಅವಳಿರುವಲ್ಲಿಗೆ ಹೋಗಿ ನಿಲ್ಲುವುದು ಇವು ಯಾವುವೂ ಪ್ರೀತಿಯಲ್ಲ, ಅವಳಿಗೆ ಅವು ಭಯವನ್ನಷ್ಟೇ ತರುತ್ತವೆ. ನಮ್ಮ ಹಂಬಲ ಎಷ್ಟೇ ದೊಡ್ಡದಾದರೂ ಅದರಿಂದ ಇನ್ನೊಬ್ಬರ ಮೇಲೆ ನಮಗೆ ಹಕ್ಕು ಹುಟ್ಟುವುದಿಲ್ಲ.

ಉತ್ತರ ಇಲ್ಲವೆಂದೇ ಬಂದರೆ, ನೋವು ದೇಹದ ನೋವಿನಂತೆಯೇ ಇರುತ್ತದೆ ಎಂದು ಈಗಲೇ ತಿಳಿದಿರಿ. ಹೆಲೆನ್ ಫಿಶರ್ ಮತ್ತು ಅವರ ಸಂಗಡಿಗರು ಪ್ರೀತಿಯಲ್ಲಿ ನಿರಾಕರಣೆಗೆ ಒಳಗಾದವರ ಮಿದುಳನ್ನು ಸ್ಕ್ಯಾನ್ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟ್ಟುಹೋದವರ ಚಿತ್ರವನ್ನು ನೋಡುವಾಗ ವ್ಯಸನದ ಬಯಕೆಗೆ ಸಂಬಂಧಿಸಿದ ಭಾಗಗಳು ಚುರುಕಾಗುವುದು ಕಂಡುಬಂದಿತ್ತು. ಕಾಲ ಕಳೆದಷ್ಟೂ ಬಾಂಧವ್ಯಕ್ಕೆ ಸಂಬಂಧಿಸಿದ ಒಂದು ಭಾಗದ ಚಟುವಟಿಕೆ ಇಳಿಮುಖವಾಗಿರುವುದೂ ಕಂಡಿತ್ತು. ಆದ್ದರಿಂದ ಅವಳ ಚಿತ್ರಗಳನ್ನೂ ಹಳೆಯ ಸಂದೇಶಗಳನ್ನೂ ದಿನವೂ ತೆರೆದು ನೋಡುವುದು ಮಾಯುವ ಗಾಯವನ್ನು ಕೆದಕಿದಂತಾಗುತ್ತದೆ. ಅವುಗಳನ್ನು ಅಳಿಸಲು ಮನಸ್ಸು ಬಾರದಿದ್ದರೆ ನಂಬಿಕೆಯ ಸ್ನೇಹಿತರೊಬ್ಬರ ಬಳಿ ಇಡಲು ಕೊಡಿ.

ಪ್ರಶ್ನೆ: ನಾವಿಬ್ಬರೂ ಬೇರೆ ಬೇರೆ ದೇಶಗಳಲ್ಲಿ ಕೆಲಸ ಮಾಡುತ್ತಿದ್ದೇವೆ. ಮುಂದಿನ ವರ್ಷ ಒಂದೇ ಊರಿಗೆ ಬರಲಿದ್ದೇವೆ. ಪ್ರತಿದಿನ ವಿಡಿಯೊ ಕರೆ ಮಾಡುತ್ತೇವೆ, ಆದರೆ ಇತ್ತೀಚೆಗೆ ಅದು ಹಾಜರಿ ಹಾಕಿದಂತಾಗಿದೆ. ಕರೆ ಮುಗಿದ ಮೇಲೆ ಮೊದಲಿಗಿಂತ ಹೆಚ್ಚು ಒಂಟಿ ಎನ್ನಿಸುತ್ತದೆ. ಪ್ರೀತಿ ಕಡಿಮೆಯಾಗುತ್ತಿದೆಯೇ?

ಉತ್ತರ: ಕರೆಯ ನಂತರ ಒಂಟಿತನ ಹೆಚ್ಚುವುದು ಪ್ರೀತಿ ಇಳಿದಿದೆ ಎಂಬುದರ ಗುರುತಾಗಬೇಕಿಲ್ಲ, ಮುಖ ಕಂಡು ಸ್ಪರ್ಶ ಸಿಗದಿರುವಾಗ ಕೊರತೆ ಇನ್ನಷ್ಟು ಎದ್ದು ಕಾಣುವುದು ಸಹಜ. ದೂರವಿರುವ ಜೋಡಿಗಳ ಬಗ್ಗೆ ಕ್ರಿಸ್ಟಲ್ ಜಿಯಾಂಗ್ ಮತ್ತು ಜೆಫ್ರಿ ಹ್ಯಾನ್‌ಕಾಕ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಥವರು ಹತ್ತಿರವಿರುವ ಜೋಡಿಗಳಿಗಿಂತ ಕಡಿಮೆ ಬಾರಿ ಮಾತನಾಡಿದರೂ ಮನಸ್ಸನ್ನು ಹೆಚ್ಚು ತೆರೆದುಕೊಳ್ಳುತ್ತಿದ್ದರು. ಎಂದರೆ ಆಪ್ತತೆಯನ್ನು ಉಳಿಸುವುದಕ್ಕೆ ಕರೆಗಳ ಸಂಖ್ಯೆ ಹೆಚ್ಚಿಸಬೇಕಾಗಿಲ್ಲ. ಪ್ರತಿದಿನದ ನಿಯಮವನ್ನು ಸಡಿಲಿಸಿ, ವಾರದಲ್ಲಿ ಕೆಲವೇ ದಿನ, ಇಬ್ಬರಿಗೂ ದಣಿವಿಲ್ಲದ ಹೊತ್ತಿನಲ್ಲಿ ಮಾತನಾಡಿ. ಉಳಿದ ದಿನ ಒಬ್ಬರ ಧ್ವನಿಮುದ್ರಿತ ಸಂದೇಶವನ್ನು ಇನ್ನೊಬ್ಬರು ತಮಗೆ ಬಿಡುವಾದಾಗ ಕೇಳಲಿ.

ಆದರೆ ಅದೇ ಅಧ್ಯಯನ ಹೇಳುವ ಇನ್ನೊಂದು ಮಾತು, ದೂರವಿರುವವರು ಒಬ್ಬರನ್ನೊಬ್ಬರು ಹೆಚ್ಚು ಆದರ್ಶವಾಗಿ ಕಾಣುತ್ತಾರೆ ಎಂಬುದು. ಲಾರಾ ಸ್ಟಾಫರ್ಡ್ ಮತ್ತು ಸಹಸಂಶೋಧಕರು 2006ರಲ್ಲಿ ಪ್ರಕಟಿಸಿದಂತೆ, ದೂರದಲ್ಲಿದ್ದು ಮತ್ತೆ ಒಂದೇ ಊರಿಗೆ ಬಂದ ಪ್ರೇಮಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರು ಮೂರು ತಿಂಗಳೊಳಗೆ ಬೇರೆಯಾಗಿದ್ದರು. ಅವರು ಕಾಲೇಜು ವಿದ್ಯಾರ್ಥಿಗಳು, ನೀವು ದುಡಿಯುವವರು, ಆದ್ದರಿಂದ ಹೆದರಬೇಕಾಗಿಲ್ಲ. ಆದರೂ ಮುಂದಿನ ವರ್ಷ ಒಟ್ಟಿಗೆ ಬಂದಾಗ ಹಂಬಲ ತಣಿದು ಸಿಡಿಮಿಡಿ ಶುರುವಾದರೆ, ಪ್ರೀತಿ ಮುಗಿಯಿತೆಂದು ಅವಸರದಲ್ಲಿ ತೀರ್ಮಾನಿಸಬೇಡಿ. ಒಬ್ಬೊಬ್ಬರೇ ಬದುಕಿ ರೂಢಿಯಾದ ಇಬ್ಬರಿಗೆ ತಮ್ಮದೇ ಆದ ಸಮಯವೂ ಬೇಕಾಗುತ್ತದೆ; ಅದನ್ನು ಈಗಲೇ ಮಾತನಾಡಿಕೊಂಡಿರಿ.

ಪ್ರಶ್ನೆ: ನನಗೆ 46 ವರ್ಷ. ವಿಚ್ಛೇದನವಾಗಿ ಕೆಲವು ವರ್ಷಗಳಾದವು. ಒಳ್ಳೆಯ ಗೆಳತಿಯರ ಬಳಗವಿದೆ, ಮೆಚ್ಚಿನ ಕೆಲಸವಿದೆ, ಮಗಳು ಓದುತ್ತಿದ್ದಾಳೆ. ಆದರೆ ಗೆಳತಿಯರೊಡನೆ ನಕ್ಕು ಮನೆಗೆ ಮರಳಿ ಬಾಗಿಲು ತೆರೆಯುವಾಗ, ‘ಬಂದೆಯಾ’ ಎಂದು ಕೇಳುವವರು ಯಾರೂ ಇಲ್ಲ ಎಂಬುದು ಎದೆಗೆ ಹೊಡೆದಂತಾಗುತ್ತದೆ. ಇಷ್ಟೆಲ್ಲ ಇದ್ದೂ, ಈ ವಯಸ್ಸಿನಲ್ಲಿ, ಹೀಗೆ ಹಂಬಲಿಸುವುದು ಕೃತಘ್ನತೆಯಲ್ಲವೇ?

ಉತ್ತರ: ಮೊದಲ ಪತ್ರಕ್ಕೆ ಉತ್ತರಿಸುವಾಗ ಹೆಸರಿಸಿದ ರಾಬರ್ಟ್ ವೈಸ್ ಅವರ ಅಧ್ಯಯನದ ಒಂದು ಭಾಗ ನಿಮ್ಮಂಥವರ ಬಗ್ಗೆಯೇ ಇದೆ. ಸಂಗಾತಿಯಿಂದ ಬೇರೆಯಾಗಿ ಮಕ್ಕಳನ್ನು ಬೆಳೆಸುತ್ತಿದ್ದವರು ಸೇರಿ ನಡೆಸುತ್ತಿದ್ದ ಸಂಘವೊಂದನ್ನು ಅವರು ಗಮನಿಸಿದರು. ಅಲ್ಲಿ ಸದಸ್ಯರಿಗೆ ಒಳ್ಳೆಯ ಸ್ನೇಹ ಸಿಕ್ಕಿತು, ಬದುಕು ಹಗುರಾಯಿತು. ಆದರೂ ಒಂಟಿತನ ಹೋಗಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಹೊಸ ಊರಿಗೆ ಬಂದು ನೆಲೆಸಿದ ವಿವಾಹಿತ ಮಹಿಳೆಯರಿಗೆ ಪ್ರೀತಿಸುವ ಪತಿ ಜೊತೆಗಿದ್ದರೂ ಗೆಳತಿಯರಿಲ್ಲದ ಒಂಟಿತನ ಕಾಡುತ್ತಿತ್ತು. ಗೆಳತಿಯರನ್ನು ಹೊಂದಿರುವುದಕ್ಕೆ ಕೃತಜ್ಞರಾಗಿದ್ದುಕೊಂಡೇ ಸಂಗಾತಿಗಾಗಿ ಹಂಬಲಿಸಬಹುದು. ಒಂದು ಇನ್ನೊಂದನ್ನು ಅವಮಾನಿಸುವುದಿಲ್ಲ. ವಯಸ್ಸಿನ ಮಾತನ್ನು ನೀವು ಏಕೆ ತಂದಿರಿ ಎಂದು ತಿಳಿಯುತ್ತದೆ, ಆದರೆ ‘ಬಂದೆಯಾ’ ಎಂಬ ಮಾತಿನ ಅಗತ್ಯ ಯಾವ ವಯಸ್ಸಿನಲ್ಲೂ ಮುಗಿಯುವುದಿಲ್ಲ.

ಒಂದು ಎಚ್ಚರಿಕೆಯನ್ನಷ್ಟೇ ಹೇಳುತ್ತೇನೆ. ಸ್ಟೆಫನಿ ಸ್ಪೀಲ್‌ಮನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದಂತೆ, ಒಂಟಿಯಾಗಿ ಉಳಿದುಬಿಡುವ ಭಯ ಹೆಚ್ಚಿರುವವರು ಸಂಬಂಧದಲ್ಲಿ ತಮಗೆ ಸಲ್ಲಬೇಕಾದದ್ದಕ್ಕಿಂತ ಕಡಿಮೆಗೆ ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು. ಹಂಬಲದಿಂದ ಹುಡುಕುವುದು ಬೇರೆ, ಭಯದಿಂದ ಒಪ್ಪುವುದು ಬೇರೆ. ಹೊಸಬರೊಬ್ಬರ ಪರಿಚಯವಾದಾಗ ಅವರಿಗೆ ನೀವು ಹಿಡಿಸಿದಿರೋ ಇಲ್ಲವೋ ಎಂದು ಚಡಪಡಿಸುವ ಬದಲು, ಅವರ ಜೊತೆ ಒಂದು ಸಂಜೆ ಕಳೆದು ಬಂದ ಮೇಲೆ ನಿಮ್ಮ ಮನಸ್ಸು ಹಗುರಾಗಿದೆಯೇ, ಬಿಗಿಯಾಗಿದೆಯೇ ಎಂದು ನೋಡಿಕೊಳ್ಳಿ. ನೀವು ಹೇಳಿದ ಸಣ್ಣ ಸಂಗತಿಯೊಂದನ್ನು ಅವರು ಮುಂದಿನ ಭೇಟಿಯಲ್ಲಿ ನೆನಪಿಟ್ಟು ಕೇಳಿದರೇ? ನಿಮ್ಮ ಮಗಳ ಪ್ರಸ್ತಾಪ ಬಂದಾಗ ಮಾತು ತಿರುಗಿಸಿದರೇ? ಮೊದಲ ದಿನಗಳ ಸಿಹಿಮಾತಿಗಿಂತ ಇಂಥ ವಿವರಗಳೇ ನಿಮಗೆ ಹೆಚ್ಚು ತಿಳಿಸುತ್ತವೆ. ಮಗಳಿಗೆ ವಿಷಯವನ್ನು ಮುಚ್ಚಿಡಬೇಡಿ, ಅವಳ ಒಪ್ಪಿಗೆಗಾಗಿ ಬೇಡಿಕೊಳ್ಳಲೂಬೇಡಿ. ತಾಯಿಯೂ ಪ್ರೀತಿಯನ್ನು ಬಯಸುವ ಮನುಷ್ಯಳು ಎಂದು ಅವಳಿಗೆ ತಿಳಿಯುವುದರಲ್ಲಿ ಕೆಡುಕಿಲ್ಲ.

ಪ್ರಶ್ನೆ: ಪ್ರೀತಿಯ ಕೊರತೆಯಿಂದ ಬರುವ ಒಂಟಿತನವೂ ಖಿನ್ನತೆಯೂ ಒಂದೇಯೇ? ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ?

ಉತ್ತರ: ಎರಡೂ ಒಂದೇ ಅಲ್ಲ, ಆದರೆ ಒಂದರಿಂದ ಇನ್ನೊಂದು ಹುಟ್ಟಬಹುದು. ಒಂಟಿತನದಲ್ಲಿ ಇನ್ನೊಬ್ಬರಿಗಾಗಿ ತುಡಿತವಿರುತ್ತದೆ; ಖಿನ್ನತೆಯಲ್ಲಿ ಎಷ್ಟೋ ವೇಳೆ ಆ ತುಡಿತವೇ ಇಲ್ಲವಾಗಿ, ಹಿಂದೆ ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿ ಉಳಿಯುವುದಿಲ್ಲ. ದುಗುಡ ಅಥವಾ ನಿರಾಸಕ್ತಿ ಎರಡು ವಾರಗಳಿಗೂ ಹೆಚ್ಚು ಕಾಲ ದಿನದ ಬಹುಪಾಲು ಹೊತ್ತು ಇದ್ದು, ಅದರೊಡನೆ ನಿದ್ರೆ, ಹಸಿವು, ಏಕಾಗ್ರತೆ ಕೆಟ್ಟಿದ್ದರೆ, ತಾನು ಯಾವುದಕ್ಕೂ ಬಾರದವನು ಅಥವಾ ಬಾರದವಳು ಎಂಬ ಭಾವನೆ ಬೇರೂರಿದ್ದರೆ ವೈದ್ಯರನ್ನು ಕಾಣಿ. ಖಿನ್ನತೆಗೆ ಪರಿಣಾಮಕಾರಿಯಾದ ಚಿಕಿತ್ಸೆಯಿದೆ. ಬದುಕು ಬೇಡವೆಂಬ ಆಲೋಚನೆ ಬಂದರೆ ಎರಡು ವಾರ ಎಣಿಸುತ್ತ ಕೂರಬೇಡಿ. ಅಂದೇ ಹತ್ತಿರದ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.